ಬನ್ನಿ ಸಸಿ ಮಾಡುವವರು ಮೊದಲು ಮುಳ್ಳು ನೋಡಿ

ರಾಯಚೂರು, ಕೊಪ್ಪಳ ಕಡೆ ಬನ್ನಿ ಬೀಜ ಅಂತ ಬಳ್ಳಾರಿ ಜಾಲಿ ಬೀಜ ತಂದು ಹಾಕಿ ಮೋಸ ಹೋಗಬೇಡಿ. ಜಾಲಿಗೆ ಎಲೆ ಹುಟ್ಟುವ ಗಿಣ್ಣಿನಲ್ಲೇ ಜೋಡಿ ಮುಳ್ಳು. ಬನ್ನಿಯ ಮುಳ್ಳು ಗಿಡ್ಡ, ಬುಡ ಅಗಲ, ಗಿಣ್ಣುಗಳ ನಡುವೆ ಅಲ್ಲಲ್ಲಿ ಒಂಟಿಯಾಗಿ ಇರುತ್ತದೆ. ಬನ್ನಿ ಕಾಯಿಯೂ ತೆಳ್ಳಗೆ.

ಮರದಲ್ಲೇ ಒಣಗಿದ ಕಾಯಿ ಬಿಡಿಸಿ, ಹುಳ ಕೊರೆದ ಬೀಜ ತೆಗೆದುಹಾಕಿ. ಸಿಪ್ಪೆ ಗಟ್ಟಿ, ಹಾಗೇ ಹಾಕಿದರೆ ನೀರು ಒಳಗಿಳಿಯದು. ಕುದ್ದ ನೀರನ್ನು ಒಲೆಯಿಂದ ಇಳಿಸಿ ಬೀಜದ ಮೇಲೆ ಸುರಿದು 24 ಗಂಟೆ ಬಿಡಿ. ಒಲೆ ಮೇಲೇ ಬೇಯಿಸಿದರೆ ಬೀಜ ಸತ್ತಂತೆ. ಉಬ್ಬಿದವನ್ನು ಮಣ್ಣು ತುಂಬಿದ ಚೀಲದಲ್ಲಿ 1 ಸೆಂ.ಮೀ. ಆಳಕ್ಕೆ ಊರಿ.

ಚೀಲ ಉದ್ದದ್ದೇ ಬೇಕು, ಕನಿಷ್ಠ 10 ಇಂಚು. ತಾಯಿಬೇರು ಬಲು ಬೇಗ ಇಳಿಯುತ್ತದೆ. ಗಿಡ್ಡ ಚೀಲದಲ್ಲಿ ಸುರುಳಿ ಸುತ್ತಿಕೊಂಡರೆ ಆ ಗಿಡ ಮುಂದೆ ಬರ ತಡೆಯಲ್ಲ. 3 ವಾರಕ್ಕೊಮ್ಮೆ ಚೀಲ ಎತ್ತಿ ಜಾಗ ಬದಲಿಸಿ, ಇಲ್ಲವಾದರೆ ಬೇರು ನೆಲ ಹಿಡಿಯುತ್ತದೆ.

ಮುಂಗಾರು ನೆಲ ನೆನೆಸಿದ ಮೇಲೆ 1.5 ಅಡಿ ಗುಂಡಿಯಲ್ಲಿ ನೆಡಿ. ಮಸಾರಿಯಲ್ಲಿ (ಕೆಂಪು ಮಣ್ಣಿನಲ್ಲಿ) ಸುತ್ತ ತಗ್ಗು ಮಾಡಿ. ಎರೆ (ಕಪ್ಪು ಮಣ್ಣಿನ) ಹೊಲದಲ್ಲಾದರೆ ಬುಡ ಏರಿಸಿ, ನೀರು ನಿಂತರೆ ಎಳೆ ಬೇರು ಕೊಳೆಯುತ್ತದೆ. ಮೊದಲ ಬೇಸಿಗೆ ಮಾತ್ರ 10–15 ದಿನಕ್ಕೊಮ್ಮೆ ಒಂದು ಕೊಡ ನೀರು ಸಾಕು.

ಆಡಿಗೆ ಬನ್ನಿ ಚಿಗುರೆಂದರೆ ಪ್ರಾಣ. ಜಾಲಿ ಮುಳ್ಳಿನ ಬೇಲಿ ಹಾಕಿ, ಆದರೆ ಜಾಲಿ ಬೀಜ ಅಲ್ಲೇ ಬಿದ್ದು ಹುಟ್ಟದಂತೆ ಕಾಯಿ ಇಲ್ಲದ ಟೊಂಗೆಯನ್ನೇ ಕಡಿದು ತನ್ನಿ. ಎರಡು ವರ್ಷ ನೆಲದ ಮೇಲೆ ಬೆಳವಣಿಗೆ ಕಾಣದಿದ್ದರೂ ದಯವಿಟ್ಟು ಕೀಳಬೇಡಿ, ಬೇರು ಆಳಕ್ಕೆ ಹೋಗುತ್ತಿರುತ್ತದೆ.