ಕಲಬುರಗಿಯ ಬಿಸಿಲಿನಲ್ಲಿ ರೆಡ್ ವೈನ್: ಕಾಪಿಡುವುದು ಹೇಗೆ, ಗಾಳಿಗೆ ಬಿಡುವುದು ಯಾವಾಗ

ಮನೆಯಲ್ಲಿ ಒಂದು ಸಣ್ಣ ವೈನ್ ಸಂಗ್ರಹ ಮಾಡಬೇಕೆಂದು ನಿಶ್ಚಯಿಸಿದಾಗ ನಾನು ಮೊದಲು ಕೊಂಡದ್ದು ದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣತೆ ಎರಡನ್ನೂ ದಾಖಲಿಸುವ ಥರ್ಮಾಮೀಟರನ್ನು. ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನಾದ್ದರಿಂದ, ಹಲವು ವರ್ಷ ಬಾಳಬೇಕಾದ ಪದಾರ್ಥವನ್ನು ಎಲ್ಲಿಡುವುದೆಂದು ಅಳತೆಯಿಲ್ಲದೆ ತೀರ್ಮಾನಿಸಲು ನನಗೆ ಮನಸ್ಸಾಗಲಿಲ್ಲ. ಮೇ ತಿಂಗಳಲ್ಲಿ ಮಹಡಿಯ ಮೇಲಿನ ಕೋಣೆಯ ಅಲಮಾರಿನೊಳಗೆ ಮಧ್ಯಾಹ್ನ 38 ಡಿಗ್ರಿ ಸೆಲ್ಸಿಯಸ್ ಇತ್ತು. ಕೆಳಗೆ ಶಹಾಬಾದ್ ಕಲ್ಲಿನ ನೆಲಹಾಸು ಮತ್ತು ದಪ್ಪ ಗೋಡೆಗಳಿರುವ, ಕಿಟಕಿಯಿಲ್ಲದ ಉಗ್ರಾಣದಲ್ಲಿ 31. ರೆಡ್ ವೈನ್ ದೀರ್ಘಕಾಲ ನೆಮ್ಮದಿಯಾಗಿ ಇರಲು ಬೇಕಾದದ್ದು 12ರಿಂದ 14 ಡಿಗ್ರಿ. ನಮ್ಮ ಊರಿನಲ್ಲಿ ಈ ಹವ್ಯಾಸದ ಎಲ್ಲ ನಿರ್ಧಾರಗಳೂ, ಕೊಳ್ಳುವುದರಿಂದ ಹಿಡಿದು ಡಿಕ್ಯಾಂಟ್ ಮಾಡುವುದರವರೆಗೆ (ಅಂದರೆ ಬಡಿಸುವ ಮೊದಲು ವೈನನ್ನು ಬಾಟಲಿಯಿಂದ ಬೇರೊಂದು ಪಾತ್ರೆಗೆ ಬಸಿಯುವವರೆಗೆ), ಈ ಅಂತರದಿಂದಲೇ ಹುಟ್ಟುತ್ತವೆ ಎಂಬುದು ಈಗ ನನ್ನ ದೃಢವಾದ ಅಭಿಪ್ರಾಯ.

ಜೋಳವನ್ನು ಹಗೇವಿನಲ್ಲಿ ಹುಗಿದು ಕಾಪಾಡಿಕೊಂಡು ಬಂದ ಸೀಮೆ ನಮ್ಮದಾದ್ದರಿಂದ, ನೆಲಮಾಳಿಗೆಯೊಂದನ್ನು ತೋಡಿಸಿದರೆ ಸಾಕಲ್ಲವೇ ಎಂದು ಹಿರಿಯರೊಬ್ಬರು ಕೇಳಿದ್ದರು. ಪ್ರಶ್ನೆ ಸರಿಯಾದದ್ದೇ. ಆದರೆ ನೆಲದ ಆಳದಲ್ಲಿ ಉಷ್ಣತೆ ಆ ಊರಿನ ಇಡೀ ವರ್ಷದ ಸರಾಸರಿಯ ಹತ್ತಿರ ನಿಲ್ಲುತ್ತದೆ. ಫ್ರಾನ್ಸಿನ ಬೋರ್ಡೋದಲ್ಲಿ ಆ ಸರಾಸರಿ 13–14 ಡಿಗ್ರಿಯಷ್ಟಿರುವುದರಿಂದ ಅಲ್ಲಿ ನೆಲಮಾಳಿಗೆಯೇ ವೈನ್‌ಗೆ ತಕ್ಕ ಮನೆಯಾಯಿತು; ಕಲಬುರಗಿಯಲ್ಲಿ ಅದು 27ರ ಆಸುಪಾಸು. ಎಷ್ಟು ಆಳ ತೋಡಿದರೂ ಇಲ್ಲಿ ಸಿಗುವುದು ಏರಿಳಿತವಿಲ್ಲದ ಸೆಕೆ. ಉಷ್ಣತೆ 10 ಡಿಗ್ರಿ ಹೆಚ್ಚಿದರೆ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ಲೆಕ್ಕವನ್ನು ಅನ್ವಯಿಸಿದರೆ, ನಮ್ಮ ಉಗ್ರಾಣದಲ್ಲಿಟ್ಟ ಬಾಟಲಿ ತಂಪಿನಲ್ಲಿರುವುದಕ್ಕಿಂತ ಮೂರು ಪಟ್ಟು ವೇಗವಾಗಿ ಮುಪ್ಪಾಗುತ್ತದೆ. ಹಾಗೆ ಅವಸರದಿಂದ ಮುಪ್ಪಾದ ವೈನ್‌ಗೆ ಮಾಗಿದ ವೈನ್‌ನ ಗುಣ ಬರುವುದೂ ಇಲ್ಲ. ಇದನ್ನು ಕಣ್ಣಾರೆ ಕಾಣಲೆಂದು ಒಂದೇ ವರ್ಷದ, ಒಂದೇ ಬ್ಯಾಚಿನ ಎರಡು ಬಾಟಲಿಗಳಲ್ಲಿ ಒಂದನ್ನು ಬೇಸಿಗೆಯುದ್ದಕ್ಕೂ ಮಹಡಿಯ ಅಲಮಾರಿನಲ್ಲಿ, ಇನ್ನೊಂದನ್ನು ತಂಪಿನಲ್ಲಿ ಇಟ್ಟು ಮಳೆಗಾಲದಲ್ಲಿ ಜೊತೆಗೆ ತೆರೆದೆ. ಅಲಮಾರಿನಲ್ಲಿದ್ದ ಬಾಟಲಿಯ ಕಾರ್ಕ್ ಮೇಲಕ್ಕೆ ಉಬ್ಬಿ, ಹೊದಿಕೆಯ ಕೆಳಗೆ ಅಂಟು ಅಂಟಾಗಿತ್ತು. ವೈನ್‌ನಲ್ಲಿ ಹಣ್ಣಿನ ತಾಜಾತನ ಹೋಗಿ, ಕುದಿಸಿದ ಒಣದ್ರಾಕ್ಷಿಯ ವಾಸನೆಯೊಂದೇ ಉಳಿದಿತ್ತು.

ಆದ್ದರಿಂದ ವೈನ್ ಫ್ರಿಜ್ ಇಲ್ಲಿ ಅನಿವಾರ್ಯ. ಅದರಲ್ಲಿಯೂ ಆಯ್ಕೆ ಮುಖ್ಯವಾದದ್ದು. ಅಗ್ಗದಲ್ಲಿ ಸಿಗುವ, ಸದ್ದಿಲ್ಲದ ಥರ್ಮೋಎಲೆಕ್ಟ್ರಿಕ್ ಪೆಟ್ಟಿಗೆಗಳು ಹೊರಗಿನ ಉಷ್ಣತೆಗಿಂತ ಹತ್ತು ಹನ್ನೆರಡು ಡಿಗ್ರಿಯಷ್ಟು ಮಾತ್ರ ಕೆಳಗೆ ಇಳಿಸಬಲ್ಲವು. ಕೋಣೆಯಲ್ಲಿ 36 ಇದ್ದರೆ ಒಳಗೆ 24ಕ್ಕಿಂತ ಕಡಿಮೆಯಾಗುವುದು ಕಷ್ಟ. ಬೆಂಗಳೂರಿನಲ್ಲಿ ಅವು ಹೇಗೋ ನಡೆದಾವು, ಕಲಬುರಗಿ, ಬೀದರ, ಯಾದಗಿರಿಗಳಲ್ಲಿ ಕಂಪ್ರೆಸರ್ ಇರುವುದನ್ನೇ ಕೊಳ್ಳಬೇಕು. ನನ್ನದನ್ನು ಕೆಳಗಿನ ಉಗ್ರಾಣದಲ್ಲಿ, ಬಿಸಿಗಾಳಿ ಹೊರಹೋಗಲು ಹಿಂದೆ ಮತ್ತು ಪಕ್ಕಗಳಲ್ಲಿ ಗೇಣು ಜಾಗ ಬಿಟ್ಟು, ಸ್ಟೆಬಿಲೈಸರ್ ಜೋಡಿಸಿ, 14 ಡಿಗ್ರಿಗೆ ನಿಗದಿಪಡಿಸಿದ್ದೇನೆ. ಖಾಲಿ ಸಾಲುಗಳಲ್ಲಿ ನೀರು ತುಂಬಿದ ಬಾಟಲಿಗಳನ್ನು ಮಲಗಿಸಿರುವುದರಿಂದ, ಕರೆಂಟ್ ಹೋದಾಗ ಒಳಗಿನ ತಂಪು ಗಂಟೆಗಟ್ಟಲೆ ನಿಲ್ಲುತ್ತದೆ. ಕಾರ್ಕ್ ಇರುವ ಬಾಟಲಿಗಳು ಮಲಗಿರಬೇಕು, ಇಲ್ಲವಾದರೆ ನಮ್ಮ ಬೇಸಿಗೆಯ ಒಣಹವೆಗೆ ಕಾರ್ಕ್ ಬೇಗನೆ ಕುಗ್ಗಿ ಗಾಳಿ ಒಳನುಗ್ಗುತ್ತದೆ. ತಿರುಪು ಮುಚ್ಚಳದವು ಹೇಗಿದ್ದರೂ ಸರಿ. ಅಡುಗೆಮನೆಯ ಸಾಮಾನ್ಯ ಫ್ರಿಜ್ 4–5 ಡಿಗ್ರಿಯ ಶೀತ ಮತ್ತು ಒಣಗಾಳಿಯ ಜಾಗವಾದರೂ, ತಿರುಪು ಮುಚ್ಚಳದ ಬಾಟಲಿಗೆ ಕೆಲವು ತಿಂಗಳ ಮಟ್ಟಿಗೆ 38 ಡಿಗ್ರಿಯ ಅಲಮಾರಿಗಿಂತ ಅದು ಎಷ್ಟೋ ಮೇಲು.

ಸಂಗ್ರಹವನ್ನು ನಾನು ಒಂದು ಡಜನ್‌ಗಿಂತ ಕಡಿಮೆಯೇ ಇಟ್ಟುಕೊಂಡಿದ್ದೇನೆ. ಮನೆಯಲ್ಲಿ ಇಡಬಹುದಾದ ಪ್ರಮಾಣಕ್ಕೆ ಅಬಕಾರಿ ನಿಯಮಗಳಲ್ಲಿ ಮಿತಿಯಿದೆ. ಅದನ್ನು ಮೊದಲೇ ವಿಚಾರಿಸಿಕೊಂಡು, ಪ್ರತಿಯೊಂದು ಬಾಟಲಿಯ ಬಿಲ್ಲನ್ನೂ ಜೋಪಾನವಾಗಿಡುವುದು ಒಳ್ಳೆಯದು. ಕೊಳ್ಳುವ ಕಾಲವೂ ಮುಖ್ಯ. ನವೆಂಬರಿನಿಂದ ಜನವರಿಯವರೆಗೆ ಮಾತ್ರ ನಾನು ವೈನ್ ಕೊಳ್ಳುತ್ತೇನೆ, ಏಕೆಂದರೆ ಏಪ್ರಿಲ್–ಮೇ ತಿಂಗಳಲ್ಲಿ ಲಾರಿಯಲ್ಲಿ ಬೆಂದು ಬಂದ ಸರಕನ್ನು ಎಷ್ಟು ತಂಪಾಗಿಟ್ಟರೂ ಅದು ಮೊದಲಿನಂತಾಗದು. ನಾನು ಯಾವಾಗಲೂ ಹೋಗುವ ಅಂಗಡಿಯವರು ಈಗ ತಾವಾಗಿಯೇ, “ಸರ್, ಇವು ಬ್ಯಾಸಿಗಿಕಿಂತ ಮೊದ್ಲು ಬಂದು ಬ್ಯಾಸಿಗಿ ಪೂರಾ ಇಲ್ಲೇ ಇದ್ದಾವ, ನಿಮಗ ಬ್ಯಾಡ” ಎಂದು ಹೇಳುತ್ತಾರೆ. ಲೇಬಲ್ಲಿನ ಮೇಲಿರುವ ದ್ರಾಕ್ಷಿ ಕೊಯ್ಲಿನ ವರ್ಷವನ್ನೂ ಬಾಟಲಿಗೆ ತುಂಬಿದ ತಿಂಗಳನ್ನೂ ಓದುವುದು, ಕಾರ್ಕ್ ಉಬ್ಬಿದೆಯೇ ಎಂದು ಬೆರಳಾಡಿಸಿ ನೋಡುವುದು, ಕುತ್ತಿಗೆಯಲ್ಲಿ ವೈನ್‌ನ ಮಟ್ಟ ಇಳಿದಿದೆಯೇ ಎಂದು ಬೆಳಕಿಗೆ ಹಿಡಿಯುವುದು, ಇಷ್ಟನ್ನು ಬಿಡದೆ ಮಾಡುತ್ತೇನೆ.

ಮೊದಲ ಬಾಟಲಿಗಳನ್ನು ನಮ್ಮ ನೆಲದ ವೈನ್‌ಗಳಿಂದಲೇ ಆರಿಸಿಕೊಂಡೆ. 1988ರಲ್ಲಿ ನಂದಿಬೆಟ್ಟದ ತಪ್ಪಲಿನಲ್ಲಿ ಆರಂಭವಾದ ಗ್ರೋವರ್ ಸಂಸ್ಥೆಯ ಲಾ ರಿಸರ್ವ್, ಕ್ಯಾಬರ್ನೆ ಸೊವಿನ್ಯೋನ್ ಮತ್ತು ಶಿರಾಜ್ ದ್ರಾಕ್ಷಿಗಳನ್ನು ಕೂಡಿಸಿ ಓಕ್ ಪೀಪಾಯಿಯಲ್ಲಿ ಮಾಗಿಸಿದ್ದು. ನಾಸಿಕದ ಸುಲಾದವರ ರಾಸಾ ಶಿರಾಜ್, ನಮ್ಮ ನೆರೆಯ ಸೊಲ್ಲಾಪುರ ಜಿಲ್ಲೆಯ ಅಕಲೂಜಿನ ಫ್ರಾಟೆಲ್ಲಿಯವರ ಸೆಟ್ಟೆ, ಇವೂ ಸೇರಿದವು. ಸೆಟ್ಟೆಯಲ್ಲಿರುವುದು ಇಟಲಿಯ ಸಾಂಜೋವೇಸೆ ಮತ್ತು ಕ್ಯಾಬರ್ನೆ. ಅಕಲೂಜ್ ಎಷ್ಟೇ ಹತ್ತಿರವಿದ್ದರೂ ರಾಜ್ಯದ ಗಡಿ ದಾಟಿ ಮದ್ಯ ತರುವುದಕ್ಕೆ ಬೇರೆಯೇ ಕಾನೂನು ಇರುವುದರಿಂದ, ಕರ್ನಾಟಕದ ಅಂಗಡಿಯಲ್ಲಿ ಸಿಕ್ಕಾಗ ಮಾತ್ರ ಕೊಂಡೆ. ಯುರೋಪಿನಲ್ಲಿ ದ್ರಾಕ್ಷಿ ಕೊಯ್ಲು ಸೆಪ್ಟೆಂಬರಿನ ಹೊತ್ತಿಗಾದರೆ ನಮ್ಮಲ್ಲಿ ಫೆಬ್ರವರಿ–ಮಾರ್ಚ್‌ಗೆ. ಒಂದೇ ಇಸವಿಯ ಲೇಬಲ್ ಇದ್ದರೂ ನಮ್ಮ ವೈನ್ ಅರ್ಧ ವರ್ಷದಷ್ಟು ಹಿರಿಯದೆಂಬುದನ್ನು ವಯಸ್ಸಿನ ಲೆಕ್ಕ ಹಾಕುವಾಗ ನೆನಪಿಡಬೇಕು. ಒಂದೊಂದು ಬಗೆಯಲ್ಲಿಯೂ ಕನಿಷ್ಠ ಎರಡು ಬಾಟಲಿ ಕೊಳ್ಳಬೇಕೆಂಬುದು ನನ್ನ ಒತ್ತಾಯದ ಸಲಹೆ: ಒಂದನ್ನು ಈಗ ತೆರೆದು ಬರೆದಿಟ್ಟುಕೊಂಡು, ಇನ್ನೊಂದನ್ನು ಎರಡು ಮೂರು ವರ್ಷ ಕಾಯಿಸಿ ಹೋಲಿಸಿದಾಗಲೇ ಕಾಪಿಡುವುದರ ಫಲ ನಾಲಿಗೆಗೆ ತಿಳಿಯುತ್ತದೆ.

ಇನ್ನು ಡಿಕ್ಯಾಂಟ್ ಮಾಡುವ ವಿಷಯ. ಎರಡು ಬೇರೆ ಬೇರೆ ಉದ್ದೇಶಗಳಿಗೆ ಈ ಒಂದೇ ಕೆಲಸವನ್ನು ಮಾಡುತ್ತಾರೆ, ಅವುಗಳನ್ನು ಬೆರೆಸಿಕೊಂಡರೆ ಗೊಂದಲವಾಗುತ್ತದೆ. ಮೊದಲನೆಯದು, ಹಳೆಯ ರೆಡ್ ವೈನ್‌ಗಳಲ್ಲಿ ಬಣ್ಣ ಮತ್ತು ಒಗರು ಕೊಡುವ ಟ್ಯಾನಿನ್ ಕೂಡಿಕೊಂಡು ತಳಕ್ಕಿಳಿದ ಗಸಿಯನ್ನು ಬೇರ್ಪಡಿಸುವುದು. ಅಂಥ ಬಾಟಲಿಯನ್ನು ಒಂದೆರಡು ದಿನ ನೆಟ್ಟಗೆ ನಿಲ್ಲಿಸಿ, ಕುತ್ತಿಗೆಯ ಕೆಳಗೆ ಮೊಂಬತ್ತಿಯನ್ನೋ ಟಾರ್ಚನ್ನೋ ಇಟ್ಟು, ನಿಧಾನವಾಗಿ ತಿಳಿಯನ್ನು ಬಸಿದು, ಕಪ್ಪು ಎಳೆಯೊಂದು ಕುತ್ತಿಗೆಗೆ ಬರುತ್ತಿದ್ದಂತೆ ನಿಲ್ಲಿಸಿ, ಕೂಡಲೇ ಬಡಿಸಬೇಕು. ಮುಪ್ಪಾದ ವೈನ್‌ನ ಪರಿಮಳ ಅರ್ಧ ಗಂಟೆಯಲ್ಲೇ ಹಾರಿಹೋಗಬಹುದು. ನಮ್ಮ ಮನೆಗಳಲ್ಲಿ ಅಂಥ ಬಾಟಲಿಗಳು ಅಪರೂಪ. ಎರಡನೆಯದು, ಎಳೆಯ ವೈನ್‌ಗೆ ಗಾಳಿ ತಾಗಿಸುವುದು. ನಾವು ಕೊಳ್ಳುವ ಹೆಚ್ಚಿನ ರೆಡ್‌ಗಳಿಗೆ ಅನ್ವಯಿಸುವುದು ಇದೇ.

ಈ ವಿಷಯದಲ್ಲಿ ತಜ್ಞರಲ್ಲಿಯೂ ಒಮ್ಮತವಿಲ್ಲ. ಬೋರ್ಡೋದ ಪ್ರಸಿದ್ಧ ವೈನ್ ವಿಜ್ಞಾನಿ ಎಮಿಲ್ ಪೇನೋ (1912–2004) ಅವರು, ಗಸಿಯಿದ್ದರೆ ಮಾತ್ರ ಡಿಕ್ಯಾಂಟ್ ಮಾಡಬೇಕು, ಅದನ್ನೂ ಬಡಿಸುವ ಕೊನೆಯ ಗಳಿಗೆಯಲ್ಲಿ ಮಾಡಬೇಕು, ದೀರ್ಘಕಾಲ ಗಾಳಿಗೊಡ್ಡಿದರೆ ಪರಿಮಳ ಮಸುಕಾಗುತ್ತದೆ ಎಂಬ ನಿಲುವಿನವರು. ರಸಾಯನಶಾಸ್ತ್ರದ ದೃಷ್ಟಿಯಿಂದ ಅವರ ಮಾತಿನಲ್ಲಿ ತೂಕವಿದೆ: ಒಂದೆರಡು ಗಂಟೆಗಳಲ್ಲಿ ಟ್ಯಾನಿನ್‌ನ ರಚನೆ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಬದಲಾಗುವುದು ಮುಖ್ಯವಾಗಿ ವಾಸನೆ. ಬಾಟಲಿಯಲ್ಲಿ ಉಸಿರುಗಟ್ಟಿದ್ದ ಗಂಧಕದ ಸಂಯುಕ್ತಗಳು, ಅಂದರೆ ಗೀರಿದ ಬೆಂಕಿಕಡ್ಡಿಯ ಅಥವಾ ಬೇಯಿಸಿದ ಮೊಟ್ಟೆಯ ವಾಸನೆ, ಹಾರಿಹೋದಾಗ ಅದರ ಹಿಂದೆ ಅಡಗಿದ್ದ ಹಣ್ಣಿನ ಪರಿಮಳ ಮುಂದೆ ಬರುತ್ತದೆ, ಮತ್ತು ಹಣ್ಣು ಎದ್ದು ಕಂಡಾಗ ಒಗರು ತಗ್ಗಿದಂತೆ ನಾಲಿಗೆಗೆ ಭಾಸವಾಗುತ್ತದೆ. ಆದರೆ ಪೇನೋ ಅವರ ಮಾತನ್ನು ಎಳೆಯ, ಗಡುಸಾದ ಕ್ಯಾಬರ್ನೆಗೂ ಅನ್ವಯಿಸಲು ನನ್ನ ಅನುಭವ ಒಪ್ಪುವುದಿಲ್ಲ. ಕೇವಲ ಕಾರ್ಕ್ ತೆಗೆದು ಬಾಟಲಿಯನ್ನು ಗಂಟೆಗಟ್ಟಲೆ ಇಡುವುದರಿಂದ ಮಾತ್ರ ಏನೂ ಆಗದು, ಏಕೆಂದರೆ ಕುತ್ತಿಗೆಯಲ್ಲಿ ಗಾಳಿಗೆ ತಾಗುವ ವೈನ್‌ನ ಮೇಲ್ಮೈ ಒಂದು ರೂಪಾಯಿ ನಾಣ್ಯದಷ್ಟೂ ಇರುವುದಿಲ್ಲ.

ನಾನು ಕಲಿತ ಕ್ರಮ ಹೀಗಿದೆ. ಬಾಟಲಿ ತೆರೆದ ಕೂಡಲೇ ಒಂದು ಗುಟುಕು ರುಚಿ ನೋಡಿ, ಅರ್ಧವನ್ನು ಡಿಕ್ಯಾಂಟರಿಗೆ ಸುರಿದು, ಉಳಿದರ್ಧವನ್ನು ಬಾಟಲಿಯಲ್ಲಿಯೇ ಮುಚ್ಚಿಟ್ಟು, ಅರ್ಧ ಗಂಟೆಗೊಮ್ಮೆ ಎರಡನ್ನೂ ಪಕ್ಕಪಕ್ಕದಲ್ಲಿ ರುಚಿ ನೋಡುತ್ತ, ಪ್ರತಿ ಬಾರಿಯೂ ಉಷ್ಣತೆಯನ್ನು ಸಹ ಬರೆದಿಟ್ಟೆ. ಜನವರಿಯಲ್ಲಿ ಮಾಡಿದಾಗ ಫಲಿತಾಂಶ ಓದಿದ್ದಕ್ಕೆ ಹೊಂದಿಕೊಂಡಿತು: ಎಳೆಯ ಕ್ಯಾಬರ್ನೆ ಒಂದು ಗಂಟೆಗೆ ಬಿಚ್ಚಿಕೊಂಡು ಎರಡನೆಯ ಗಂಟೆಯವರೆಗೂ ಸೊಗಸಾಗಿತ್ತು; ಶಿರಾಜ್‌ಗೆ ಅರ್ಧ ಮುಕ್ಕಾಲು ಗಂಟೆ ಸಾಕಾಯಿತು; ಮೂರು ಗಂಟೆಯ ನಂತರ ಎರಡೂ ಸಪ್ಪೆಯಾದವು. ಮೇ ತಿಂಗಳಲ್ಲಿ ಅದೇ ಕ್ಯಾಬರ್ನೆಯನ್ನು ರಾತ್ರಿ ಊಟಕ್ಕೆ ಮುನ್ನ ಫ್ಯಾನಿನ ಕೆಳಗೆ ಮೇಜಿನ ಮೇಲಿಟ್ಟಾಗ, 16 ಡಿಗ್ರಿಯಲ್ಲಿದ್ದ ವೈನ್ ಮುಕ್ಕಾಲು ಗಂಟೆಯೊಳಗೆ 24 ದಾಟಿತ್ತು. ಅಷ್ಟು ಬಿಸಿಯಲ್ಲಿ ಮೂಗಿಗೆ ಮೊದಲು ಹೊಡೆಯುವುದು ಆಲ್ಕೋಹಾಲ್. ಗಾಳಿ ಬಿಚ್ಚಿಟ್ಟ ಪರಿಮಳ ಅದರಡಿ ಮುಚ್ಚಿಹೋಗುತ್ತದೆ. ರೆಡ್ ವೈನನ್ನು ಕೋಣೆಯ ಉಷ್ಣತೆಯಲ್ಲಿ ಬಡಿಸಬೇಕೆಂಬ ಮಾತು 16–18 ಡಿಗ್ರಿಯ ತಣ್ಣನೆಯ ಕೋಣೆಗಳ ನಾಡಿನದು. ಡಿಕ್ಯಾಂಟ್ ಮಾಡಲು ಗಂಟೆ ಎರಡು ಗಂಟೆ ಎಂದು ಬರೆಯುವವರೂ ಅಂಥದೇ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ.

ಆದ್ದರಿಂದ ಗಾಳಿ ಮತ್ತು ಸೆಕೆ ಇವೆರಡನ್ನು ಬೇರ್ಪಡಿಸುವುದೇ ನಮ್ಮಲ್ಲಿ ಡಿಕ್ಯಾಂಟ್ ಮಾಡುವ ಕೌಶಲ. ಅದಕ್ಕೆ ನಾನು ನೆಚ್ಚಿಕೊಂಡದ್ದು ಎರಡು ಸಲ ಬಸಿಯುವ ಕ್ರಮವನ್ನು. ವೈನನ್ನು ತುಸು ಎತ್ತರದಿಂದ ಡಿಕ್ಯಾಂಟರಿಗೆ ಸುರಿದು, ಖಾಲಿಯಾದ ಬಾಟಲಿಯನ್ನು ಕುಡಿಯುವ ನೀರಿನಿಂದ ತೊಳೆದು ಚೆನ್ನಾಗಿ ಬಸಿದು, ಹತ್ತು ಹದಿನೈದು ನಿಮಿಷದ ಬಳಿಕ ವೈನನ್ನು ಮತ್ತೆ ಅದೇ ಬಾಟಲಿಗೆ ತುಂಬಿ, ಬಾಯಿಯನ್ನು ಸಡಿಲವಾಗಿ ಮುಚ್ಚಿ, 14 ಡಿಗ್ರಿಯ ಪೆಟ್ಟಿಗೆಯಲ್ಲಿ ನಿಲ್ಲಿಸುತ್ತೇನೆ. ಸುರಿಯುವಾಗ ಕರಗಿದ ಆಮ್ಲಜನಕ ತಂಪಿನಲ್ಲಿಯೂ ತನ್ನ ಕೆಲಸವನ್ನು ಮುಂದುವರಿಸುತ್ತದೆ, ತುಸು ನಿಧಾನವಾಗಿ. ಕ್ಯಾಬರ್ನೆಗೆ ಎರಡು ಗಂಟೆ, ಸೆಟ್ಟೆಯಂಥ ಮಿಶ್ರಣಕ್ಕೆ ಒಂದೂವರೆ ಗಂಟೆ ಎಂದು ಈಗ ಲೆಕ್ಕ ಹಾಕುತ್ತೇನೆ. ಬಡಿಸುವಾಗ 15ರಲ್ಲಿರುವ ವೈನ್ ಲೋಟದಲ್ಲಿ ತಾನಾಗಿಯೇ 18ಕ್ಕೆ ಏರುತ್ತದೆ. ಮಟನ್ ತಹರಿಯ ಊಟವಿದ್ದರೆ ಇನ್ನೂ ಒಂದು ಡಿಗ್ರಿ ತಂಪಾಗಿಯೇ ತೆಗೆಯುತ್ತೇನೆ, ಏಕೆಂದರೆ ಖಾರವು ಆಲ್ಕೋಹಾಲಿನ ಉರಿಯನ್ನೂ ಟ್ಯಾನಿನ್‌ನ ಒಗರನ್ನೂ ಹೆಚ್ಚಿಸಿ ತೋರಿಸುತ್ತದೆ. ಶೇಂಗಾ, ಎಳ್ಳು ತುಂಬಿದ ಎಣಗಾಯಿಯ ಜೊತೆ ಅಷ್ಟು ಎಚ್ಚರ ಬೇಡ.

ಎಲ್ಲ ದೋಷಗಳಿಗೂ ಗಾಳಿ ಮದ್ದಾಗದು. ಒದ್ದೆ ರಟ್ಟಿನ ವಾಸನೆ ಬಂದರೆ ಅದು ಕಾರ್ಕಿನ ಸೋಂಕು, ಅದು ಹೋಗುವುದಿಲ್ಲ. ಸರಿಯಾಗಿ ಬಲಿಯದ ಕ್ಯಾಬರ್ನೆಯ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆಯೂ ಹಾಗೆಯೇ ಉಳಿಯುತ್ತದೆ. ಪಿನೋ ನ್ವಾರ್‌ನಂಥ ತೆಳು ಮೈಯ ರೆಡ್‌ಗಳನ್ನು ಡಿಕ್ಯಾಂಟ್ ಮಾಡದೆ ಲೋಟದಲ್ಲಿಯೇ ತಿರುಗಿಸುವುದು ಮೇಲು.

ಪಾತ್ರೆಯ ಬಗ್ಗೆ ಒಂದು ಮಾತನ್ನು ನಮ್ಮ ಭಾಗದವರಿಗೆ ವಿಶೇಷವಾಗಿ ಹೇಳಬೇಕು. ಬಿದ್ರಿ ಸುರಾಹಿಯಲ್ಲಿ ವೈನ್ ಬಡಿಸಿದರೆ ಎಷ್ಟು ಚೆಂದ ಎಂದು ಬೀದರದ ಬಂಧುಗಳು ಆಸೆಪಟ್ಟರು. ಬಿದ್ರಿಯ ಮೈ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ; ವೈನ್‌ನ ಪಿಎಚ್ 3.5ರ ಆಸುಪಾಸು ಇರುವುದರಿಂದ ಅದರ ಹುಳಿ ಸತುವನ್ನು ಕರಗಿಸುತ್ತದೆ. ಪಾತ್ರೆಯೂ ಕೆಡುತ್ತದೆ, ವೈನ್ ಕುಡಿಯಲು ಯೋಗ್ಯವಾಗಿಯೂ ಉಳಿಯುವುದಿಲ್ಲ. ತಾಮ್ರ, ಹಿತ್ತಾಳೆಗಳೂ ಬೇಡ. ಗಾಜೇ ಆಗಬೇಕು. ದುಬಾರಿ ಡಿಕ್ಯಾಂಟರ್ ಇಲ್ಲದವರಿಗೆ, ಪ್ರಯೋಗಾಲಯದಲ್ಲಿ ಎಂದೂ ಬಳಸದ, ಹೊಚ್ಚಹೊಸ ಎರಡು ಲೀಟರಿನ ಕೋನಿಕಲ್ ಫ್ಲಾಸ್ಕ್ ಅಷ್ಟೇ ಚೆನ್ನಾಗಿ ಒದಗುತ್ತದೆ. ನಮ್ಮ ಬೋರಿನ ಗಡಸು ನೀರು ಗಾಜಿನ ಮೇಲೆ ಬಿಡುವ ಬಿಳಿ ಪೊರೆಯನ್ನು ವಿನೆಗರ್ ಮತ್ತು ಒಂದು ಹಿಡಿ ಅಕ್ಕಿ ಹಾಕಿ ಕುಲುಕಿ ತೆಗೆಯಬೇಕು. ಸಾಬೂನಿನ ವಾಸನೆ ಗಾಜಿನಲ್ಲಿ ನಿಲ್ಲುವುದರಿಂದ ಅದನ್ನು ನಾನು ಬಳಸುವುದಿಲ್ಲ.

ಮನೆಯಲ್ಲಿ ಕುಡಿಯುವವರು ಇಬ್ಬರೇ ಇದ್ದರೆ ಇಡೀ ಬಾಟಲಿಯನ್ನು ಗಾಳಿಗೊಡ್ಡುವ ಅಗತ್ಯವಿಲ್ಲ. ತೆರೆದ ಕೂಡಲೇ, ಡಿಕ್ಯಾಂಟ್ ಮಾಡುವುದಕ್ಕೂ ಮೊದಲು, 375 ಮಿಲಿಲೀಟರಿನ ಶುಭ್ರವಾದ ಸಣ್ಣ ಬಾಟಲಿಯನ್ನು ಕಂಠಪೂರ್ತಿ ತುಂಬಿ, ಒಳಗೆ ಗಾಳಿ ಉಳಿಯದಂತೆ ತಿರುಪು ಮುಚ್ಚಳ ಬಿಗಿದು, ಅಡುಗೆಮನೆಯ ಫ್ರಿಜ್‌ನಲ್ಲಿ ಇಡುತ್ತೇನೆ. ನಾಲ್ಕೈದು ದಿನದ ನಂತರ ಅದನ್ನು ಹೊರತೆಗೆದು ಹದಿನೈದಿಪ್ಪತ್ತು ನಿಮಿಷ ಬಿಟ್ಟು ಸುರಿದರೆ, ಅದೇ ವೈನ್‌ನ ಎರಡನೆಯ ಅರ್ಧಕ್ಕೆ ಎಷ್ಟು ಗಾಳಿ ಬೇಕೆಂಬುದನ್ನು ಹೊಸದಾಗಿ ನೋಡಿ ಬರೆದುಕೊಳ್ಳಲೂ ಅವಕಾಶವಾಗುತ್ತದೆ.