ಸ್ನೇಕ್ ನದಿ ದಂಡೆಯಲ್ಲಿ ಬಾತು, ಗುಡ್ಡದ ಮೇಲೆ ಚಕೋರ

ನಮ್ಮೂರು ಮಲೆನಾಡು. ಅಜ್ಜನ ಕೋವಿ ಗೋಡೆ ಮೇಲಿತ್ತು, ಮುಟ್ಟಲು ಮಾತ್ರ ಬಿಡುತ್ತಿರಲಿಲ್ಲ. ನಾನು ಬೇಟೆ ಕಲಿತದ್ದು ಅಮೆರಿಕದ ಐಡಹೋದಲ್ಲಿ, ಕೆಲಸಕ್ಕೆಂದು ಬಾಯ್ಸಿ ನಗರಕ್ಕೆ ಬಂದ ಮೇಲೆ, ಪಕ್ಕದ ಮನೆಯ ಮುದುಕರ ಜೊತೆ.

ಬೆಳಿಗ್ಗೆ ಸ್ನೇಕ್ ನದಿಯಲ್ಲಿ ಬಾತು. ಇದು ಕೂರುವ ಕೆಲಸ. ಕತ್ತಲಲ್ಲೇ ಹೋಗಿ ಪ್ಲಾಸ್ಟಿಕ್ ಬಾತುಗಳನ್ನು ತೇಲಿಬಿಟ್ಟು, ನಿಜವಾದವು ಇಳಿಯಲು ನಡುವೆ ಸ್ವಲ್ಪ ಜಾಗ ಖಾಲಿ ಇಟ್ಟು, ಗಾಳಿಗೆ ಬೆನ್ನು ಕೊಟ್ಟು ಜೊಂಡಿನೊಳಗೆ ಅಲುಗಾಡದೆ ಕೂರಬೇಕು, ಯಾಕೆಂದರೆ ಬಾತು ಗಾಳಿಗೆ ಎದುರಾಗಿಯೇ ಇಳಿಯುತ್ತದೆ. ಮೊದಲ ವರ್ಷ ನಾನು ಹೊಡೆದದ್ದೆಲ್ಲ ಬಾಲದ ಹಿಂದೆ ಹೋಯಿತು. ಹಾರುವ ಹಕ್ಕಿಯ ಮುಂದಕ್ಕೆ ಗುರಿ ಹಿಡಿಯಬೇಕು, ಕೋವಿಯ ಕುದುರೆ, ಅಂದರೆ ಟ್ರಿಗರ್, ಎಳೆದ ಮೇಲೂ ಕೋವಿ ಹಕ್ಕಿಯ ಜೊತೆ ಓಡುತ್ತಲೇ ಇರಬೇಕು. ಹೇಳೋದು ಸುಲಭ!

ಬಾತಿಗೆ ಸೀಸದ ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡು, ಬಳಸುವಂತಿಲ್ಲ, 1991ರಿಂದ ಇಡೀ ದೇಶದಲ್ಲಿ ನಿಷೇಧ. ನೀರಿಗೆ ಬಿದ್ದ ಚರೆಯನ್ನು ಅವು ಹರಳುಕಲ್ಲಿನ ಜೊತೆ ನುಂಗಿ ವಿಷವೇರಿ ಸಾಯುತ್ತಿದ್ದವು. ಬಾತಿನ ಬೇಟೆಗೆ ಹೋದಾಗ ಸೀಸದ ತೋಟಾ ಸುಮ್ನೆ ಜೇಬಿನಲ್ಲಿದ್ದರೂ ತಪ್ಪೇ. ಹಿಂದಿನ ವಾರ ಗುಡ್ಡಕ್ಕೆ ಒಯ್ದಿದ್ದ ಎರಡು ತೋಟಾ ಒಮ್ಮೆ ನನ್ನ ಜಾಕೆಟ್‌ನಲ್ಲೇ ಉಳಿದಿದ್ದವು. ಮುದುಕರು ಚೆನ್ನಾಗಿ ಬೈದು, ಟ್ರಕ್ಕಿನಲ್ಲಿಟ್ಟು ಬಾ ಅಂತ ಕಳಿಸಿದರು. ನಾನು ವಾಪಸ್ ಬರುವಷ್ಟರಲ್ಲಿ ಹಸಿರು ತಲೆಯ ಮಲಾರ್ಡ್‌ಗಳ ಹಿಂಡೊಂದು ಇಳಿದು, ಎದ್ದು, ಹೋಗಿಯೂ ಆಗಿತ್ತು.

ಮಧ್ಯಾಹ್ನ ಮೇಲಿನ ಬಂಡೆಗುಡ್ಡದಲ್ಲಿ ಚುಕರ್ ಅನ್ನೋ ಕವುಜುಗ. ಇದು ಕಾಲಿನ ಕೆಲಸ. ಈ ಹಕ್ಕಿ ಮೇಲಕ್ಕೆ ಓಡುತ್ತದೆ, ಕೆಳಕ್ಕೆ ಹಾರುತ್ತದೆ. ಗೊತ್ತಿಲ್ಲದೆ ನಾನು ಕೆಳಗಿನಿಂದ ಅಟ್ಟಿಸಿಕೊಂಡು ಹೋದೆ. ತುದಿ ಮುಟ್ಟಿ ಏದುಸಿರು ಬಿಡುತ್ತಿದ್ದಾಗ ಇಡೀ ಗುಂಪು ಬುರ್ರೆಂದು ನನ್ನನ್ನು ದಾಟಿ ಕೆಳಗಿಳಿಯಿತು, ಆಮೇಲೆ ಅಲ್ಲಿಂದಲೇ ಚುಕ್ ಚುಕ್ ಅಂತ ಕೂಗು, ಅಣಕಿಸಿದ ಹಾಗೆ. ಈಗ ಮೊದಲೇ ಸುತ್ತು ಹಾಕಿ ಮೇಲೆ ಹತ್ತಿಬಿಡುತ್ತೇನೆ. ಆಮೇಲೆ ಅಡ್ಡಡ್ಡ ನಡೆಯುತ್ತಾ ಇಳಿಯುವುದು.

ಚುಕರ್ ಇಲ್ಲಿಯದಲ್ಲ. 1893ರಲ್ಲಿ ಕರಾಚಿಯಿಂದ ಅಮೆರಿಕಕ್ಕೆ ತರಿಸಿದ್ದೇ ಮೊದಲು. ಹೆಸರೂ ನಮ್ಮ ಕಡೆಯದೇ, ಚಕೋರ! ಕಾವ್ಯದಲ್ಲಿ ಬೆಳದಿಂಗಳು ಕುಡಿಯುತ್ತಾ ಕೂರುವ ಹಕ್ಕಿಯ ಹಿಂದೆ ನಾನು ಮೊಣಕಾಲು ಕೆತ್ತಿಸಿಕೊಂಡು ಓಡಿದ್ದೆ ಅನ್ನೋದು ಗೊತ್ತಾದದ್ದು ಎರಡು ವರ್ಷ ಆದ ಮೇಲೆ.

ಅವತ್ತು ಸಿಕ್ಕಿದ್ದ ಎರಡಕ್ಕೆ ಕಾಳುಮೆಣಸು, ಹುರಿದ ಕೊಬ್ಬರಿ ಅರೆದು ಸಾರು ಮಾಡಿದೆ. ಫೋನಿನಲ್ಲಿ ಅಮ್ಮನಿಗೆ ಹೇಳಿದೆ.

"ಬೆಳದಿಂಗಳು ಕುಡಿಯೋ ಹಕ್ಕಿನ ಸಾರು ಮಾಡ್ಕೊಂಡ್ಯೇನೋ?" ಅಂದಳು. ಆಮೇಲೆ, "ಹುಳಿ ಹಾಕಿದ್ಯಾ?"