ಸಿಯೋಲ್‌ನಲ್ಲಿ ಕೆಂಡದ ಊಟ: ಇಬ್ಬರು ಹಂಚಿಕೊಂಡು ತಿನ್ನುವುದು ಹೇಗೆ?

ಸಿಯೋಲ್‌ನಲ್ಲಿ ಮೇಜಿನ ಮೇಲೆಯೇ ಮಾಂಸ ಸುಟ್ಟು ತಿನ್ನುವ ಹೋಟೆಲಿಗೆ ಒಬ್ಬರೇ ಹೋದರೆ ಬಹಳ ಕಡೆ ಒಂದು ಪಾಲು ಕೊಡುವುದಿಲ್ಲ; ಕನಿಷ್ಠ ಎರಡು ಹೇಳಬೇಕು. ಇದು ಜೊತೆಯಲ್ಲಿ ಕುಳಿತು ಉಣ್ಣಲೆಂದೇ ರೂಪುಗೊಂಡ ಊಟ. ಹಾಗಾಗಿ ಮೊದಲು ಸ್ನೇಹಿತರೊಬ್ಬರನ್ನು ಕರೆಯಿರಿ.

ಕುಳಿತ ಮೇಲೆ ಚಮಚ, ಚಾಪ್‌ಸ್ಟಿಕ್ ಕಾಣದಿದ್ದರೆ ಮೇಜಿನ ಅಂಚಿನಲ್ಲಿ ಡ್ರಾಯರ್ ಇದೆಯೇ ನೋಡಿ. ಸ್ನೇಹಿತರಿಗೆ ಬೇಕಾದ ಚಮಚ, ಚಾಪ್‌ಸ್ಟಿಕ್ ನೀವೇ ತೆಗೆದು ಅವರ ಮುಂದಿಡಿ, ಲೋಟಕ್ಕೆ ನೀರು ತುಂಬಿ. ಮಾಣಿಯನ್ನು ಕರೆಯಲು ಮೇಜಿನ ಗುಂಡಿ ಒತ್ತಿ. ಗುಂಡಿಯಿಲ್ಲದಿದ್ದರೆ 'ಜೊಗಿಯೋ' ಎಂದು ಕೂಗಿ. ಅಲ್ಲಿ ಅದು ಒರಟುತನವಲ್ಲ.

ಮೊದಲ ಸಲಕ್ಕೆ ಸಮ್‌ಗ್ಯೊಪ್‌ಸಾಲ್ ಸಾಕು. ಹೆಸರಿನ ಅರ್ಥ ಮೂರು ಪದರದ ಮಾಂಸ, ಅಂದರೆ ಹಂದಿಯ ಹೊಟ್ಟೆಭಾಗ. ಒಂದು ಪಾಲು ಸಾಮಾನ್ಯವಾಗಿ 150ರಿಂದ 200 ಗ್ರಾಂ. ಎರಡು ಪಾಲು ಹೇಳಿ, ಹಸಿವು ಉಳಿದರೆ ಮತ್ತೆ ತರಿಸಿಕೊಳ್ಳಿ.

ಕೇಳದೆಯೇ ಪುಟ್ಟ ಬಟ್ಟಲುಗಳಲ್ಲಿ ಬರುವ ನೆಂಚಿಕೊಳ್ಳುವ ಪದಾರ್ಥಗಳೇ ಬಾಂಚಾನ್. ಅದಕ್ಕೆ ಸಾಮಾನ್ಯವಾಗಿ ಬೇರೆ ಹಣವಿಲ್ಲ, ಖಾಲಿಯಾದರೆ ಮತ್ತೆ ಹಾಕುತ್ತಾರೆ. ಬಟ್ಟಲುಗಳು ಇಬ್ಬರಿಗೂ ಸೇರಿದವು. ಚಾಪ್‌ಸ್ಟಿಕ್‌ನಿಂದ ಕೆದಕದೆ ಮೇಲಿನ ತುಂಡನ್ನು ತೆಗೆದುಕೊಳ್ಳಿ. ಅವುಗಳಲ್ಲಿ ಕಿಮ್ಚಿ, ಅಂದರೆ ಉಪ್ಪು, ಖಾರ ಹಾಕಿ ಹುಳಿಬರಿಸಿದ ಕೋಸಿನಂಥ ತರಕಾರಿ, ಇದ್ದೇ ಇರುತ್ತದೆ. ಚಳಿಗಾಲಕ್ಕೆ ಮುನ್ನ ಮನೆಮಂದಿ, ನೆರೆಹೊರೆಯವರು ಸೇರಿ ಕಿಮ್ಚಿ ಹಾಕಿ ಹಂಚಿಕೊಳ್ಳುವ ಕಿಮ್‌ಜಾಂಗ್ ಪದ್ಧತಿಯನ್ನು 2013ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಸ್ನೇಹಿತರು ಸಸ್ಯಾಹಾರಿಯಾಗಿದ್ದರೆ ಮೊದಲೇ ಎಚ್ಚರಿಸಿ: ಕಿಮ್ಚಿಗೆ ಉಪ್ಪೂರಿದ ಸೀಗಡಿಯನ್ನೋ ಮೀನಿನ ರಸವನ್ನೋ ಹಾಕುವುದೇ ಹೆಚ್ಚು. ಅಂಥವರನ್ನು ಈ ಹೋಟೆಲಿಗೆ ಕರೆದೊಯ್ಯದಿರುವುದೇ ಒಳ್ಳೆಯದು.

ಈಗ ಇಕ್ಕಳ ಯಾರ ಕೈಗೆ? ಇಬ್ಬರಲ್ಲಿ ಒಬ್ಬರು ಹಿಡಿಯಲಿ, ಇನ್ನೊಬ್ಬರು ಎಲೆ, ಬೆಳ್ಳುಳ್ಳಿ ಹೊಂದಿಸಲಿ. ಕಾವಲಿ ಚೆನ್ನಾಗಿ ಕಾಯುವವರೆಗೆ ಮಾಂಸ ಇಡಬೇಡಿ. ಇಟ್ಟ ಮೇಲೆ ಪದೇ ಪದೇ ಮಗುಚಬೇಡಿ. ತಳ ಹೊಂಬಣ್ಣಕ್ಕೆ ತಿರುಗಿ ಅಂಚು ಗರಿಗರಿಯಾದಾಗ ತಿರುವಿ. ಎರಡೂ ಬದಿ ಬಣ್ಣ ಬಂದ ನಂತರ ಇಕ್ಕಳದಿಂದ ಎತ್ತಿ ಹಿಡಿದು ಕತ್ತರಿಯಿಂದ ತುಂಡರಿಸಿ. ಕಾವಲಿ ಇಳಿಜಾರಾಗಿದ್ದರೆ ಕೊಬ್ಬು ಹರಿದಿಳಿಯುವ ತಗ್ಗಿನಲ್ಲಿ ಕಿಮ್ಚಿ ಇಡಿ. ಅದು ಬಾಡುತ್ತಾ, ಹುಳಿ ತಗ್ಗಿ ಸಿಹಿಗೆ ತಿರುಗುವ ಆ ಕೆಲವು ನಿಮಿಷಗಳ ಪರಿಮಳಕ್ಕಾಗಿಯೇ ನಾನು ಈ ಊಟವನ್ನು ಇಷ್ಟಪಡುತ್ತೇನೆ.

ಅಂಗೈಯಲ್ಲಿ ಲೆಟ್ಯೂಸ್ ಎಲೆ ಹರಡಿ, ಮೇಲೊಂದು ಪೆರಿಲ್ಲಾ ಎಲೆ, ಒಂದು ತುಂಡು ಮಾಂಸ, ಬೆಳ್ಳುಳ್ಳಿಯ ಬಿಲ್ಲೆ, ತುಸು ಸ್ಸಾಮ್‌ಜಾಂಗ್ ಗೊಜ್ಜು. ಮಡಿಸಿ ಒಂದೇ ತುತ್ತಿಗೆ ಬಾಯಿಗಿಡಬೇಕು. ಕಚ್ಚಿ ಅರ್ಧ ಮಾಡಿದರೆ ಒಳಗಿನದೆಲ್ಲ ಜಾರುತ್ತದೆ. ಮೊದಲನೆಯದನ್ನು ಸ್ನೇಹಿತರಿಗೆ ಕಟ್ಟಿಕೊಡಿ. ಅವರಿಗೆ ಬೆಳ್ಳುಳ್ಳಿ ಹಸಿಯಾಗಿರಬೇಕೋ ಸುಟ್ಟಿರಬೇಕೋ ಎಂದು ಕೇಳಿ ಕಟ್ಟಿದರೆ ಇನ್ನೂ ಒಳ್ಳೆಯದು.

ಕೊರಿಯಾದ ಮದ್ಯ ಸೋಜು ತರಿಸಿದ್ದರೆ ನಿಮ್ಮ ಲೋಟಕ್ಕೆ ನೀವೇ ಸುರಿದುಕೊಳ್ಳಬೇಡಿ, ಪರಸ್ಪರ ಸುರಿಯಿರಿ. ಹಿರಿಯರಿಗೆ ಸುರಿಯುವಾಗಲೂ ಅವರಿಂದ ಪಡೆಯುವಾಗಲೂ ಎರಡು ಕೈ ಬಳಸಿ. 360 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು ಏಳು ಪುಟ್ಟ ಲೋಟ ಬರುತ್ತದೆ. ತಲಾ ಮೂರಾದ ಮೇಲೆ ಉಳಿಯುವ ಒಂದನ್ನು ಸ್ನೇಹಿತರಿಗೆ ಬಿಡಿ. ಅನ್ನ ಬಂದಾಗ ಬಟ್ಟಲನ್ನು ಎತ್ತಿ ಹಿಡಿಯದೆ ಮೇಜಿನ ಮೇಲಿಟ್ಟೇ ಚಮಚದಿಂದ ತಿನ್ನಿ. ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಬೇಡಿ, ಅದು ಸತ್ತವರಿಗೆ ಎಡೆ ಇಡುವುದನ್ನು ನೆನಪಿಸುತ್ತದೆ.

ಕೊನೆಗೆ ಜಿಡ್ಡು ಉಳಿದ ಕಾವಲಿಯ ಮೇಲೇ ಅನ್ನ, ಕಿಮ್ಚಿ ಹುರಿಸಿಕೊಳ್ಳಬಹುದು. ಒಂದೇ ಪಾಲು ಹೇಳಿ. ತಳ ಹಿಡಿದು ಗರಿಗರಿಯಾದ ಪದರವನ್ನು ಇಬ್ಬರೂ ಚಮಚದಿಂದ ಕೆರೆದು ತಿನ್ನಿ.

ಹಣ ಕೊಡುವುದು ಬಾಗಿಲ ಬಳಿಯ ಕೌಂಟರಿನಲ್ಲಿ, ಟಿಪ್ಸ್ ಬೇಡ. ಒಬ್ಬರು ಇಲ್ಲಿ ಕೊಟ್ಟರೆ ಇನ್ನೊಬ್ಬರು ಮುಂದಿನ ಕಾಫಿಗೆ ಕೊಡುವುದು ರೂಢಿ. ಹೊರಡುವಾಗ ಹೋಟೆಲಿನವರಿಗೆ, ಹಣ ಕೊಟ್ಟ ಸ್ನೇಹಿತರಿಗೂ, 'ಜಾಲ್ ಮೊಗೊಸ್ಸುಮ್ನಿದಾ' ಎನ್ನಿ. ಚೆನ್ನಾಗಿ ಉಂಡೆ ಎಂದು ಅದರ ಅರ್ಥ.